ಮಗಳು ಓದಿ ಹೇಳಿದ ಮೂರು ಸಂದೇಶಗಳು

ಮೈಸೂರಿಗೆ ಬಂದ ಮರುವಾರವೇ ಮಗಳ ಶಾಲೆ ನನ್ನ ಫೋನಿನೊಳಗೆ ಬಂದು ಕೂತಿತು. ದೇವರಾಜ ಮೊಹಲ್ಲಾದ ಟೈಲರ್ ಅಂಗಡಿಯಲ್ಲಿ ರವಿಕೆಗೆ ಹುಕ್ಕು ಹಚ್ಚುತ್ತಿದ್ದೆ. ಫೋನು ಟಿಣ್ ಎಂದಿತು. ತೆರೆದರೆ ಮಗಳು ನೀಲಮ್ಮನ ಫೋಟೊ, ಅದರ ಕೆಳಗೆ ನಾಲ್ಕು ಸಾಲು ಇಂಗ್ಲಿಷ್. ಕೈಯಲ್ಲಿದ್ದ ರವಿಕೆ ಬಿಟ್ಟು ಎದ್ದು ನಿಂತೆ. ನಮ್ಮ ಕಡೆ ಶಾಲೆಯಿಂದ ನಡುಮಧ್ಯಾಹ್ನ ಸುದ್ದಿ ಬಂತೆಂದರೆ ಮಗು ಬಿದ್ದು ಪೆಟ್ಟು ಮಾಡಿಕೊಂಡಿದೆ ಎಂದೇ ಅರ್ಥ. ಪಕ್ಕದ ಮಷಿನ್ನಿನ ಅಕ್ಕ ಇಣುಕಿ ನೋಡಿ ನಕ್ಕರು.

"ಗಾಬರಿ ಆಗ್ಬೇಡಿ ಕಣ್ರೀ. ನಾಳೆ ಡ್ರಾಯಿಂಗ್ ಬುಕ್ ಕಳಿಸ್ಬೇಕಂತೆ, ಅಷ್ಟೇಯ."

ಅಂದಿನಿಂದ ಶಾಲೆಯ ಸಂದೇಶವನ್ನು ಅಂಗಡಿಯಲ್ಲಿ ತೆರೆಯುವುದನ್ನೇ ಬಿಟ್ಟೆ. ನನಗೆ ಇಂಗ್ಲಿಷ್ ಬರದೆಂಬುದು ನಾಲ್ಕು ಜನರಿಗೆ ಯಾಕೆ ಗೊತ್ತಾಗಬೇಕು? ಏಳನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದವಳು ನಾನು. ನೀಲಮ್ಮ ಮಾತ್ರ ಐದನೆಯ ತರಗತಿಯವರೆಗೆ ನಮ್ಮೂರು ಸುರಪುರದ ಇಂಗ್ಲಿಷ್ ಶಾಲೆಗೆ ಹೋದವಳು. ಸಂಜೆ ಮನೆಯಲ್ಲಿ ಅವಳಿಂದಲೇ ಓದಿಸಿದರಾಯಿತು ಎಂದುಕೊಂಡೆ.

ಸುರಪುರದಲ್ಲಿ ಅವಳ ಟೀಚರ್ ನಮ್ಮ ಓಣಿಯವರೇ. ಸಂತೆಯಲ್ಲಿ ಪುಂಡಿಪಲ್ಯ ಕೊಳ್ಳುತ್ತಲೇ, "ನಿನ್ ಮಗಳು ಲೆಕ್ಕದಾಗ ಹುಷಾರ್ ಅದಾಳ, ಬಾಯಿ ಭಾಳ" ಎಂದು ಹೇಳಿ ಮುಂದೆ ಹೋಗುತ್ತಿದ್ದರು. ಆ ಮಾತನ್ನು ನಾನು ಅವರ ಮುಖದಲ್ಲೂ ಓದಬಹುದಿತ್ತು. ಇಲ್ಲಿ ಶಾಲೆಗೆ ಗೇಟಿದೆ, ಗೇಟಿಗೆ ಕಾವಲುಗಾರನಿದ್ದಾನೆ. ತಿಂಗಳಿಗೊಮ್ಮೆ ಮಗುವಿನ ವಿಷಯ ಫೋನಿಗೆ ಬರುತ್ತದೆ.

ಗಂಡನಿಗೆ ಟೈಲ್ಸ್ ಹಾಕುವ ಕೆಲಸ. ಅದು ಸಿಕ್ಕಿತೆಂದು ಬಂದು ರಾಜೀವನಗರದಲ್ಲಿ ಮಹಡಿಯ ಮೇಲಿನ ಒಂದೂವರೆ ಕೋಣೆಯ ಮನೆ ಹಿಡಿದಿದ್ದೆವು. ಊರಿನಲ್ಲಿ ದಿನಕ್ಕೆರಡು ಹೊತ್ತು ರೊಟ್ಟಿ ತಟ್ಟುತ್ತಿದ್ದ ಕೈ ಇಲ್ಲಿ ವಾರಕ್ಕೆರಡು ಸಲ ತಟ್ಟಿದರೆ ಹೆಚ್ಚು. ತಟ್ಟಿದಾಗಲೆಲ್ಲ ಕೆಳಮನೆಯವರು ಸದ್ದೇನೆಂದು ಕೇಳುತ್ತಿದ್ದರು. ಅವರ ಮಾತು ಕಿವಿಗೆ ಹತ್ತಲೂ ದಿನ ಹಿಡಿಯಿತು. ನಮ್ಮ 'ಬಿಡ್ರಿ' ಅವರ ಬಾಯಲ್ಲಿ 'ಬುಡಿ'.

ಮೊದಲ ತಿಂಗಳ ಸಂದೇಶ ಬಂದ ಸಂಜೆ ನೀಲಮ್ಮನ ಕೈಗೆ ಫೋನು ಕೊಟ್ಟೆ. ಅವಳು ಸ್ವಲ್ಪ ಹೊತ್ತು ನೋಡಿದಳು.

"ಛಂದ ಓದ್ತಾಳ ಅಂತ ಬರ್ದಾರವ್ವ."

ಎರಡನೆಯ ತಿಂಗಳು, "ಅಕ್ಷರ ದುಂಡಗ ಬರೀತಾಳ ಅಂತ." ಮೂರನೆಯ ತಿಂಗಳು, "ಎಲ್ಲಾರ ಕೂಡ ಬೆರೀತಾಳ ಅಂತ." ಆ ಸಂಜೆ ನಾನು ಹೋಳಿಗೆ ಮಾಡಿದೆ. ಗಂಡ ಕೆಲಸದಿಂದ ಬಂದಾಗ ಇನ್ನೊಮ್ಮೆ ಓದಿ ಹೇಳು ಎಂದೆ. ಅವಳು ಇನ್ನೊಮ್ಮೆ ಹೇಳಿದಳು, ಒಂದು ಪದವೂ ತಪ್ಪದಂತೆ.

ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ತಂದೆತಾಯಿ ಬಂದು ಅಂಕಪಟ್ಟಿ ಒಯ್ಯಬೇಕೆಂದು ಕರೆ ಬಂತು. "ಅಪ್ಪ ಬರಲಿ, ನೀ ಬ್ಯಾಡ" ಎಂದಳು ನೀಲಮ್ಮ. ಗಂಡನಿಗೆ ಬಿಡುವಿರಲಿಲ್ಲ, ನಾನೇ ಹೊರಟೆ. ಗೇಟಿನ ಬಳಿ ಕೈ ಹಿಡಿದು ಮೆಲ್ಲಗೆ ಹೇಳಿದಳು: "ಒಳಗ ಭಾಳ ಮಾತಾಡಬ್ಯಾಡವ್ವ."

ಟೀಚರ್ ನನ್ನ ವಯಸ್ಸಿನವರೇ. ಕುರ್ಚಿ ತೋರಿಸಿ, "ಮೂರು ತಿಂಗಳಿಂದ ಬರೀತಾನೇ ಇದೀನಿ ಕಣಮ್ಮ. ನೋಡಿದೀರ ಅಂತಾನೂ ತೋರಿಸ್ತಿದೆ. ಒಂದ್ಸಲಾನೂ ಬರ್ಲಿಲ್ವಲ್ಲ?" ಎಂದರು.

"ಏನಂತ ಬರ್ದಿದ್ರಿ ಮೇಡಂ?"

"ಕ್ಲಾಸಲ್ಲಿ ಬಾಯೇ ಬಿಡಲ್ಲ ಅಂತ ಬರ್ದೆ. ಆಮೇಲೆ, ಊಟದ ಹೊತ್ತಲ್ಲಿ ಡಬ್ಬಿ ತೆಗೀದೆ ನಲ್ಲಿ ಹತ್ರ ಒಬ್ಳೇ ನಿಂತಿರ್ತಾಳೆ ಅಂತ. ಹೋದ ತಿಂಗಳು, ದಯವಿಟ್ಟು ಬಂದು ಕಾಣಿ ಅಂತ ಬರ್ದೆ."

ಪಕ್ಕದಲ್ಲಿ ನಿಂತಿದ್ದ ನೀಲಮ್ಮ ತಲೆ ಎತ್ತಲಿಲ್ಲ. ಅವಳ ಬೆರಳುಗಳು ನನ್ನ ಸೆರಗಿನ ಅಂಚನ್ನು ಸುತ್ತಿಕೊಳ್ಳುತ್ತಿದ್ದವು. ನಾನು ನಿಜ ಹೇಳಿದ್ದರೆ ಆ ಕೋಣೆಯಲ್ಲಿ ಅವಳು ಸುಳ್ಳುಗಾತಿಯಾಗುತ್ತಿದ್ದಳು.

"ನೋಡಿದ್ದೆರಿ ಮೇಡಂ. ಕೆಲಸದಾಗ ಮರತೆ. ತಪ್ಪು ನಂದು" ಎಂದೆ.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಕೇಳಿದೆ. "ಯಾಕ ಹೇಳಲಿಲ್ಲವ್ವ?"

ಮೊದಲ ವಾರ ಟೀಚರ್ ಏನೋ ಕೇಳಿದಾಗ ಅವಳು ಎದ್ದು ನಿಂತು "ಗೊತ್ತಿಲ್ರಿ" ಎಂದಿದ್ದಳಂತೆ. ತರಗತಿಯೆಲ್ಲ ನಕ್ಕಿತಂತೆ. ಅಂದಿನಿಂದ ಅವಳ ಹೆಸರೇ 'ಗೊತ್ತಿಲ್ರಿ'. ರೊಟ್ಟಿ ಒಯ್ದ ದಿನ ಅದಕ್ಕೂ ಒಂದು ಹೆಸರು.

"ಹಿರೇರಿಗಿ 'ರಿ' ಹಚ್ಚಿ ಮಾತಾಡು ಅಂತ ನೀನೇ ಕಲಿಸಿದ್ದಿ ಅಲ್ಲ?" ಎಂದಳು. ಬಯ್ಗುಳದಂತೆ ಹೇಳಲಿಲ್ಲ, ಸುಮ್ಮನೆ ಕೇಳಿದಳು. "ಮತ್ತ ನೀ ದಿನಾ ಊರು ನೆನಸಿ ಅಳ್ತಿದ್ದಿ. ಫೋನ್ ಓದಿದ ದಿನ ಮಾತ್ರ ನಗತಿದ್ದಿ."

ಹನ್ನೊಂದು ವರ್ಷದ ಹುಡುಗಿ ತನ್ನ ಮೇಲಿನ ದೂರನ್ನು ತಾನೇ ಓದಿ, ತನ್ನೊಳಗೇ ಇಟ್ಟುಕೊಂಡು, ತನಗೆ ಬೇಕಿದ್ದ ಬದುಕನ್ನು ನನಗೆ ಓದಿ ಹೇಳಿದ್ದಳು. ನಾನು ಅದಕ್ಕೆ ಹೋಳಿಗೆ ಮಾಡಿ ಬಡಿಸಿದ್ದೆ. ಎರಡು ಬಸ್ ಬಂದು ಹೋದವು. ನಾವು ಏಳಲಿಲ್ಲ.

ಸೋಮವಾರ ಒಬ್ಬಳೇ ಹೋಗಿ ಟೀಚರಿಗೆ ಎಲ್ಲವನ್ನೂ ಹೇಳಿದೆ. ಇಂಗ್ಲಿಷ್ ಬರದೆಂಬುದನ್ನೂ ಹೇಳಿದೆ. ಇಷ್ಟು ಹೇಳಲು ನನಗೆ ನಾಲ್ಕು ತಿಂಗಳು ಬೇಕಾಯಿತು. "ಎರಡೇ ಸಾಲು ಕನ್ನಡದಾಗ ಬರೀರಿ ಮೇಡಂ, ನಾನೇ ಓದ್ಕೋತೀನಿ."

ಅವರ ಕಣ್ಣು ತೇವವಾಯಿತು. "ಫೋನಲ್ಲಿ ಇಂಗ್ಲಿಷಲ್ಲೇ ಕಳಿಸ್ಬೇಕು ಅಂತಿದೆ. ಡೈರೀಲಿ ಕನ್ನಡದಲ್ಲಿ ಬರ್ದುಕೊಡ್ತೀನಿ ಬುಡಿ" ಎಂದರು. ಮಕ್ಕಳನ್ನು ಕೂರಿಸಿಕೊಂಡು ಏನೋ ಹೇಳಿದರಂತೆ. ನೀಲಮ್ಮನನ್ನು ಕೃಷ್ಣಮೂರ್ತಿಪುರಂನ ಹುಡುಗಿಯೊಬ್ಬಳ ಪಕ್ಕ ಕೂರಿಸಿದರು. ಡಬ್ಬಿ ಖಾಲಿಯಾಗಿ ಬರತೊಡಗಿತು. ಒಂದು ದಿನ ಮೆಟ್ಟಿಲಿನಿಂದಲೇ, "ಬಂದ್ಬುಟ್ಟೆ!" ಎಂಬ ಕೂಗು ಕೇಳಿ ಕೆಳಮನೆಯ ಮಗು ಇರಬೇಕೆಂದುಕೊಂಡೆ. ನನ್ನದೇ ಆಗಿತ್ತು.

ವರ್ಷದ ಕೊನೆಯಲ್ಲಿ ಡೈರಿ ಮತ್ತೆ ಬಂತು. ನೀಲಿ ಶಾಯಿಯ ಕನ್ನಡ. ಯಾರನ್ನೂ ಕರೆಯದೆ ಒಬ್ಬಳೇ ಓದಿದೆ: "ನೀಲಮ್ಮ ಈಗ ಧೈರ್ಯವಾಗಿ ಮಾತನಾಡುತ್ತಾಳೆ. ಅವಳ ಭಾಷೆ ಬಹಳ ಸುಧಾರಿಸಿದೆ."

ಮೊದಲ ಸಾಲನ್ನು ಹಲವು ಸಲ ಓದಿದೆ. ಎರಡನೆಯದರ ಕೆಳಗೆ ಬೆರಳಿಟ್ಟು ಕೂತೆ. ಬರೆದವರು ಒಳ್ಳೆಯವರು, ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದರು. ಮೊದಲಿನ ಭಾಷೆಗೆ ಏನಾಗಿತ್ತು ಎಂದು ಕೆಳಗೆ ಬರೆದು ಕೇಳಬೇಕೆನಿಸಿತು. ಕೇಳಿದರೆ ಮಗಳು ಮತ್ತೆ ಒಬ್ಬಳೇ ಆದಾಳೆಂಬ ಭಯವೂ ಆಯಿತು.

"ಬೇಗ ಸೈನ್ ಹಾಕ್ಬುಡಮ್ಮ, ಲೇಟಾಯ್ತದೆ" ಎಂದಳು ನೀಲಮ್ಮ, ಚಪ್ಪಲಿ ಮೆಟ್ಟುತ್ತಾ.

"ತಡಿಯವ್ವ" ಎಂದು ಪೆನ್ನು ತೆಗೆದುಕೊಂಡೆ. ತಾಯಿಯ ಸಹಿ ಎಂದಿದ್ದ ಜಾಗದಲ್ಲಿ ಸಹಿಯಷ್ಟೇ ಹಾಕಿದೆ.