ನಗುತ್ತಾ ದಾಟಿದ ಏಳು

ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದನ್ನು ಎಂಟನೇ ತರಗತಿಯ ಮಕ್ಕಳು ಸುಲಭವಾಗಿ ನಂಬುತ್ತಿರಲಿಲ್ಲ. ನಂಬಬಾರದೆಂದು ಕಲಿಸಿದವರು ಮೇಷ್ಟ್ರೇ. ದಿನಕ್ಕೊಂದು ಲೆಕ್ಕದಲ್ಲಿ ಬೇಕೆಂದೇ ತಪ್ಪು ಮಾಡಿ, ಏನೂ ಆಗದವರಂತೆ ಕೈಗೆ ಅಂಟಿದ ಸೀಮೆಸುಣ್ಣ ಒರೆಸಿಕೊಳ್ಳುತ್ತಾ ನಿಲ್ಲುತ್ತಿದ್ದರು. ತಪ್ಪು ಹಿಡಿಯುವವರೆಗೆ ಪಾಠ ಮುಂದೆ ಹೋಗುತ್ತಿರಲಿಲ್ಲ. ಬೋರ್ಡಿನಲ್ಲಿದ್ದದ್ದನ್ನೆಲ್ಲ ಕಣ್ಣುಮುಚ್ಚಿ ಇಳಿಸಿಕೊಂಡು ಚಿಕ್ಕಂದಿನಲ್ಲಿ ತಾವು ಫೇಲಾಗಿದ್ದು ಅವರಿಗೆ ಮರೆತಿರಲಿಲ್ಲ. ಮನೆಯಲ್ಲಿ ಮಾತ್ರ ಅವರು ಮೌನಿ. ತಮಾಷೆಯನ್ನೆಲ್ಲ ಶಾಲೆಯಲ್ಲೇ ಖರ್ಚು ಮಾಡಿ ಬರಿಗೈಯಲ್ಲಿ ಬರುತ್ತಾರೆಂದು ಹೆಂಡತಿ ನಾದಿನಿಯ ಹತ್ತಿರ ದೂರುತ್ತಿದ್ದರು.

ಸಮ ಚಿಹ್ನೆ ದಾಟಿದ ಸಂಖ್ಯೆಯ ಗುರುತು ಬದಲಾಗಬೇಕೆಂಬುದು ಮಕ್ಕಳ ತಲೆಗೆ ಹತ್ತದಿದ್ದಾಗ ಅವರು ಒಂದು ಉಪಾಯ ಹೂಡಿದ್ದರು.

“ಸ್ಟಾಫ್ ರೂಮಲ್ಲಿ ನಗ್ತಾ ಇರ್ತೀನಿ. ಹೊಸ್ತಿಲು ದಾಟಿ ದೊಡ್ಡ ಮೇಡಂ ರೂಮಿಗೆ ಹೋದೆ ಅಂದ್ಕೊಳ್ಳಿ. ಆಗ ನನ್ನ ಮುಖ ಪ್ಲಸ್ಸೋ, ಮೈನಸ್ಸೋ?”

ಅಂದಿನಿಂದ ಗುರುತು ತಪ್ಪಿದಾಗಲೆಲ್ಲ ತರಗತಿ ಒಟ್ಟಿಗೆ ಕೂಗುತ್ತಿತ್ತು: “ದೊಡ್ಡ ಮೇಡಂ ರೂಮು ಸಾರ್!”

ಈ ಕೂಗು, ಅದರ ಹಿಂದೆಯೇ ನಗು, ಕಾರಿಡಾರಿನಲ್ಲಿ ಹೋಗುತ್ತಿದ್ದ ಮುಖ್ಯೋಪಾಧ್ಯಾಯಿನಿಯ ಕಿವಿಗೆ ಬಿತ್ತು. ಅವರು ಬಾಗಿಲಲ್ಲಿ ಇಣುಕಿದರೆ ಎಲ್ಲರೂ ಗಪ್‌ಚುಪ್. ಆ ಮೌನವೇ ಅವರ ಅನುಮಾನಕ್ಕೆ ಗೊಬ್ಬರವಾಯಿತು. ತಮ್ಮ ಬಗ್ಗೆ ಈ ಮನುಷ್ಯ ಏನು ಆಡಿಕೊಳ್ಳುತ್ತಾನೆ? ಇಷ್ಟು ನಗುವವರು ಕಲಿಯುವುದು ಯಾವಾಗ? ತಾತ್ಕಾಲಿಕ ಮೇಷ್ಟ್ರ ಕೆಲಸ ಕಾಯಂ ಆಗಬೇಕಾದರೆ ಮುಖ್ಯೋಪಾಧ್ಯಾಯಿನಿಯ ವರದಿ ಬೇಕಿತ್ತು. ಒಂದು ಬೆಳಿಗ್ಗೆ ಹೇಳದೆ ಕೇಳದೆ ಬಂದು ಕೊನೆಯ ಬೆಂಚಿನಲ್ಲಿ ಕುಳಿತರು.

ಮೇಷ್ಟ್ರು ಅದೊಂದು ದಿನ ತಪ್ಪು ಮಾಡದೆ ಬಿಡಬಹುದಿತ್ತು. ಆದರೆ ಬಿಟ್ಟರೆ ಮಕ್ಕಳು ಇಲ್ಲದ ತಪ್ಪನ್ನು ಗಂಟೆ ಹೊಡೆಯುವವರೆಗೆ ಹುಡುಕುತ್ತಾರೆ. ಅವರು ಬರೆದರು: x + 7 = 12. ಕೆಳಗೆ: x = 12 + 7 = 19.

ಯಾರೂ ಕೂಗಲಿಲ್ಲ. ಕೂಗಿದರೆ ಆ ಮಾತೇ ಕೂಗಬೇಕು. ಆ ದೊಡ್ಡ ಮೇಡಮ್ಮೇ ಕೊನೆಯ ಬೆಂಚಿನಲ್ಲಿ ಕುಳಿತಿದ್ದಾರೆ. ಸಾರನ್ನು ಉಳಿಸಬೇಕೆಂದು ಮಕ್ಕಳು ಹತ್ತೊಂಬತ್ತನ್ನು ದುಂಡಗೆ ಬರೆದುಕೊಂಡರು.

“ಸರೀನಾ?” ಎಂದರು ಮೇಷ್ಟ್ರು.

“ಸರಿ ಸಾರ್.”

ಮೇಷ್ಟ್ರ ಮುಖದ ಬಣ್ಣ ಇಳಿಯಿತು. ಮುಖ್ಯೋಪಾಧ್ಯಾಯಿನಿಯ ಪೆನ್ನಿನ ಕ್ಯಾಪು ಟಕ್ಕೆಂದು ತೆರೆಯಿತು. ಇವರಿಗೂ ಬರುವುದಿಲ್ಲ, ಮಕ್ಕಳಿಗೂ ಬರುವುದಿಲ್ಲ. ಆದರೂ ಪಕ್ಕದ ಹುಡುಗಿಯ ಕಾಲು ಬೆಂಚಿನಡಿ ಕುಣಿಯುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ಅವಳನ್ನು ಎಬ್ಬಿಸಿ, ನಿಜವಾಗಿಯೂ ಸರಿಯೇ ಎಂದು ಕೇಳಿದರು.

ಹುಡುಗಿ ಮೇಷ್ಟ್ರನ್ನು ನೋಡಿದಳು.

“ಹೇಳಮ್ಮ,” ಎಂದರು ಅವರು. “ದಿನಾ ಹೇಗೆ ಹೇಳ್ತೀಯೋ ಹಾಗೇ ಹೇಳು.”

“ಏಳು ನಿಮ್ಮ ರೂಮಿಗೆ ಬಂದಿದೆ ಮೇಡಂ,” ಎಂದಳು ಸಣ್ಣ ದನಿಯಲ್ಲಿ. “ಆದ್ರೂ ನಗ್ತಾನೇ ಇದೆ. ಅಳ್ಬೇಕಿತ್ತು.”

ಎಲ್ಲೋ ಒಬ್ಬರು ನಗು ತಡೆಯಲಾರದೆ ಕೆಮ್ಮಿದರು. ಮುಖ್ಯೋಪಾಧ್ಯಾಯಿನಿ ಬೋರ್ಡನ್ನು ನೋಡಿದರು, ಮೇಷ್ಟ್ರನ್ನು ನೋಡಿದರು. ಎದ್ದು ಹೋಗಿ ಎರಡನೆಯ ಸಾಲಿನ ಕೂಡುವ ಗುರುತು ಅಳಿಸಿ ಕಳೆಯುವ ಗುರುತು ಹಾಕಿದರು. ಹತ್ತೊಂಬತ್ತನ್ನು ಐದು ಮಾಡಿದರು.

“ಈಗ ಸರೀನಾ?”

ಹೌದೆಂದು ಯಾರೂ ಹೇಳಲಿಲ್ಲ. ಮೇಡಮ್ಮನ್ನೂ ನಂಬದ ಅಷ್ಟೂ ತಲೆಗಳು ಪುಸ್ತಕದ ಮೇಲೆ ಬಾಗಿ, x ಇದ್ದಲ್ಲಿ ಐದನ್ನು ಹಾಕಿ ತಾಳೆ ನೋಡತೊಡಗಿದವು. ಅವರು ಸೀಮೆಸುಣ್ಣ ಹಿಡಿದು ಕಾದರು.

“ಮಧ್ಯಾಹ್ನ ನನ್ನ ರೂಮಿಗೆ ಬನ್ನಿ,” ಎಂದರು ಮೇಷ್ಟ್ರಿಗೆ ಮೆಲ್ಲಗೆ. “ಕಾಯಂ ಕಾಗದಕ್ಕೆ ನಿಮ್ಮ ಸಹಿ ಬೇಕು. ಹೊಸ್ತಿಲು ದಾಟಿದಾಗ ಮುಖ ಏನಾಗುತ್ತೆ, ನಾನೂ ನೋಡ್ತೀನಿ.”