ಬ್ರೋಮೋ ಬೆಟ್ಟದಿಂದ ಇಳಿದ ಅಪ್ಪ

ಕುವೈತಿನಲ್ಲಿ ಬೆಟ್ಟವಿಲ್ಲ. ಇದನ್ನು ಬಹಳ ವರ್ಷ ದೂರಿನಂತೆ ಹೇಳುತ್ತಿದ್ದೆ; ಈಗ ಸಮಾಧಾನಕ್ಕೆಂದು ಹೇಳಿಕೊಳ್ಳುತ್ತೇನೆ. ಜಹ್ರಾ ದಾಟಿ ಉತ್ತರಕ್ಕೆ ಹೋದರೆ ಮುತ್ಲಾ ಎಂಬ ಏರೊಂದು ಸಿಗುತ್ತದೆ. ಚಾಮುಂಡಿ ಬೆಟ್ಟವನ್ನು ನೋಡುತ್ತ ಬೆಳೆದ ನನ್ನ ಹೆಂಡತಿ ಶೈಲಜಾ ಅದನ್ನು ಮೊದಲ ಸಲ ಕಂಡಾಗ, "ಇದೇನ್ರೀ, ರೋಡ್ ಹಂಪ್ ಇದ್ದಂಗಿದೆ" ಎಂದಿದ್ದಳು. ಇಲ್ಲೇ ಹುಟ್ಟಿದ ನಮ್ಮ ಮಗಳು ಇಂಚರಾ ಮಾತ್ರ ಅದನ್ನೇ ಬೆಟ್ಟವೆಂದು ನಂಬಿದ್ದಳು. ನಾಲ್ಕನೇ ತರಗತಿಯ ಹುಡುಗಿಗೆ ನಿಜವಾದ ಬೆಟ್ಟ ತೋರಿಸಬೇಕೆಂಬ ಹುರುಪು ನನಗೆ ಬಂದದ್ದು ಹೀಗೆ. ತೋರಿಸುವುದೇ ಆದರೆ ಸಾಮಾನ್ಯ ಬೆಟ್ಟವೇಕೆ, ಹೊಗೆಯಾಡುವ ಬೆಟ್ಟವನ್ನೇ ತೋರಿಸೋಣವೆಂದು ಈದ್ ರಜೆಯಲ್ಲಿ ಜಾವಾ ದ್ವೀಪಕ್ಕೆ ಟಿಕೆಟ್ ತೆಗೆದೆ.

ಓದಿಕೊಂಡು ಹೋಗುವುದು ನನ್ನ ಚಟ. ಬ್ರೋಮೋ ಎಂದರೆ ನಮ್ಮ ಬ್ರಹ್ಮನೇ ಎಂದು ವಿಮಾನದಲ್ಲೇ ಪಾಠ ಶುರುಮಾಡಿದೆ. ಅಲ್ಲಿನ ಪುರಾಣದ ಪ್ರಕಾರ ಜಾವಾ ದ್ವೀಪ ಹಿಂದೆ ಸಮುದ್ರದ ಮೇಲೆ ಅಲುಗಾಡುತ್ತಿತ್ತಂತೆ. ಅದನ್ನು ನಿಲ್ಲಿಸಲು ದೇವತೆಗಳು ಭರತಖಂಡದಿಂದ ಮೇರು ಪರ್ವತವನ್ನೇ ಹೊತ್ತು ತಂದರಂತೆ. ಪಶ್ಚಿಮದಲ್ಲಿಟ್ಟರೆ ಪೂರ್ವ ಮೇಲೆದ್ದಿತು. ಮತ್ತೆ ಎತ್ತಿ ಪೂರ್ವಕ್ಕೆ ಸಾಗಿಸುವಾಗ ದಾರಿಯುದ್ದಕ್ಕೂ ಚೂರುಗಳು ಉದುರಿ ಒಂದೊಂದು ಬೆಟ್ಟವಾದವು. ಮನೆ ಬದಲಿಸುವಾಗ ಬೀರು ಎಲ್ಲಿಡುವುದೆಂದು ತಿಳಿಯದೆ ಗೋಡೆಯನ್ನೆಲ್ಲ ಕೆರೆದ ಅನುಭವ ನಮಗೂ ಇದ್ದುದರಿಂದ ಶೈಲಜಾಗೆ ಈ ಕಥೆ ಹಿಡಿಸಿತು.

ಬ್ರೋಮೋ ಸುತ್ತ ಇರುವವರು ತೆಂಗ್ಗೆರ್ ಜನ. ಮಜಪಾಹಿತ್ ರಾಜ್ಯ ಮುರಿದುಬಿದ್ದಾಗ ತಮ್ಮ ದೇವರುಗಳೊಂದಿಗೆ ಬೆಟ್ಟ ಹತ್ತಿದವರ ಸಂತತಿ ತಾವು ಎನ್ನುತ್ತಾರೆ. ಇಂದಿಗೂ ಹಿಂದೂಗಳು, ಮೋಡಕ್ಕಿಂತ ಎತ್ತರದಲ್ಲಿ ಆಲೂಗಡ್ಡೆ, ಕೋಸು ಬೆಳೆಯುತ್ತಾರೆ. ಅವರ ಮೂಲದಂಪತಿಗಳು ರೋರೋ ಆಂತೆಂಗ್ ಮತ್ತು ಜೋಕೋ ಸೆಗೆರ್. ಮಕ್ಕಳಿಲ್ಲದೆ ಬೆಟ್ಟಕ್ಕೆ ಹರಕೆ ಹೊತ್ತರು. ಇಪ್ಪತ್ತೈದು ಮಕ್ಕಳಾದರೆ ಕೊನೆಯದನ್ನು ನಿನಗೇ ಒಪ್ಪಿಸುತ್ತೇವೆ ಎಂದರು. ಆದವು. ಕೊನೆಯವನು ಕುಸುಮ. ಆದರೆ ಕೊಡುವ ಹೊತ್ತಿಗೆ ಹೆತ್ತ ಕರುಳು ಒಪ್ಪಲಿಲ್ಲ, ಮಗುವನ್ನು ಬಚ್ಚಿಟ್ಟರು. ಬೆಟ್ಟ ಬೆಂಕಿ ಕಾರಿ ಕುಸುಮನನ್ನು ತಾನೇ ಎಳೆದುಕೊಂಡಿತು. ಒಳಗಿನಿಂದ ಅವನ ದನಿ ಕೇಳಿಸಿತಂತೆ: ನೀವೆಲ್ಲ ನೆಮ್ಮದಿಯಾಗಿರಿ, ವರ್ಷಕ್ಕೊಮ್ಮೆ ಬೆಳೆದದ್ದರಲ್ಲಿ ಒಂದಿಷ್ಟು ಕೊಡಿ. ಅದಕ್ಕೇ ಕಸಾದಾ ತಿಂಗಳ ಹುಣ್ಣಿಮೆಗೆ ಜನ ತರಕಾರಿ, ಕೋಳಿ, ಮೇಕೆಗಳನ್ನು ಬಾಯ್ದೆರೆದ ಬೆಟ್ಟಕ್ಕೆ ಎಸೆಯುತ್ತಾರೆ.

ಈ ಕಥೆಯನ್ನು ನಾನು ಹೇಳಿದ್ದು ಬೆಟ್ಟದ ತುಟಿಯ ಮೇಲೆ ನಿಂತೇ. ಕೆಳಗೆ ಬೂದು ಮರಳಿನ ಬಯಲು, ಅದರ ನಡುವೆ ಕಪ್ಪು ಕಲ್ಲಿನ ಗುಡಿ, ಕಡಿದಾದ ಮೆಟ್ಟಿಲ ಸಾಲು. ಈಚೆ ಗಂಧಕದ ಹೊಗೆ. ನಾವು ನಿಂತ ಜಾಗ ನಮ್ಮ ಮನೆಯ ಪಡಸಾಲೆಗಿಂತ ಕಿರಿದು. "ಆ ಅಪ್ಪ ನೋಡು, ದೇವರೇ ಕೇಳಿದರೂ ಮಗೂನ ಕೊಡಲಿಲ್ಲ" ಎಂದು ನಾನು ಇಂಚರಾಳ ಕೈ ಅದುಮಿದೆ.

ಆಮೇಲೆ ತೆಂಗಿನಕಾಯಿ. ಸುರಬಾಯಾ ಪೇಟೆಯಲ್ಲಿ ಕೊಂಡದ್ದು. ಅಂಗಡಿಯವನು ಜುಟ್ಟನ್ನೂ ಕಿತ್ತು ನುಣ್ಣಗೆ ಮಾಡಿ ಕೊಟ್ಟಿದ್ದನೆಂದು ಶೈಲಜಾ ದಾರಿಯುದ್ದಕ್ಕೂ ಗೊಣಗಿದ್ದಳು. ಅಲ್ಲಿ ಎಲ್ಲರೂ ಹೂವಿನ ಗೊಂಚಲನ್ನು ಇಡಿಯಾಗಿ ಎಸೆಯುತ್ತಿದ್ದರು. ನಮಗೆ ಅಭ್ಯಾಸ ಬೇರೆ. ದೇವರಿಗೆ ಕೊಟ್ಟಿದ್ದರಲ್ಲಿ ಅರ್ಧ ವಾಪಸು ಬರದಿದ್ದರೆ ಪೂಜೆ ಮುಗಿದಂತೆ ಅನ್ನಿಸುವುದಿಲ್ಲ. ಮೆಟ್ಟಿಲಿನ ಅಂಚಿಗೆ ಕಾಯಿ ಒಡೆದು ಒಂದು ಹೋಳನ್ನು ಬ್ರಹ್ಮನಿಗೆ ಎಸೆದೆ, ಇನ್ನೊಂದನ್ನು ಪ್ರಸಾದವೆಂದು ಬಲಗೈಯಲ್ಲಿ ಹಿಡಿದೆ. ಎಡಗೈಯಲ್ಲಿ ಮಗಳ ಕೈ.

ಆಗ ಬೆಟ್ಟ ಗಂಟಲು ಸರಿಮಾಡಿಕೊಂಡಿತು. ಸದ್ದು ಕಿವಿಗಿಂತ ಮೊದಲು ಕಾಲಿಗೆ ಕೇಳಿಸಿತು. ಹೊಗೆ ಕಪ್ಪಾಗಿ ಮೇಲೆದ್ದು ನಮ್ಮತ್ತ ಬಾಗಿತು, ಬೂದಿ ಸುರಿಯಿತು, ಯಾರೋ ಕಿರುಚಿದರು. ಅಷ್ಟೇ ನನಗೆ ಗೊತ್ತಿರುವುದು. ಮುಂದೆ ಅರಿವು ಬಂದಾಗ ಮೆಟ್ಟಿಲುಗಳ ಬುಡದಲ್ಲಿ ನಿಂತಿದ್ದೆ. ಬಲಗೈಯಲ್ಲಿ ಕಾಯಿ ಹೋಳು ಭದ್ರವಾಗಿತ್ತು. ಎಡಗೈ ಖಾಲಿ.

ಮೇಲೆ ಹತ್ತಲು ನೋಡಿದೆ. ಇಳಿಯುವವರ ನೂಕಿಗೆ ಆಗಲಿಲ್ಲ. ಹೊಗೆಯಲ್ಲಿ ಒಂದೊಂದು ಮುಖ ಕಂಡಾಗಲೂ ಅದು ಬೇರೆಯವರ ಮುಖ. ಕೊನೆಗೆ ಶೈಲಜಾ ಕಂಡಳು, ಪಕ್ಕದಲ್ಲಿ ಹೂ ಮಾರುವ ತೆಂಗ್ಗೆರ್ ಹೆಂಗಸು. ಆಕೆ ತನ್ನ ಹೊದಿಕೆಯಲ್ಲಿ ಇಂಚರಾಳ ಮೂಗುಬಾಯಿ ಮುಚ್ಚಿ ನಡೆಸಿಕೊಂಡು ಬರುತ್ತಿದ್ದಳು. ಮಗಳ ಮೊಣಕಾಲು ತರಚಿತ್ತು, ಅಷ್ಟೇ. ಬೆಟ್ಟವೂ ಅಷ್ಟಕ್ಕೇ ಸುಮ್ಮನಾಯಿತು. ಜೋಕೋ ಸೆಗೆರ್ ದೇವರು ಕೇಳಿದರೂ ಮಗುವನ್ನು ಬಚ್ಚಿಟ್ಟ. ನಾನು, ಯಾರೂ ಕೇಳದೆಯೇ, ಬಿಟ್ಟು ಬಂದಿದ್ದೆ.

ಈಗಲೂ ಆ ಸದ್ದು ನನ್ನ ಕಾಲಿನಲ್ಲಿದೆ. ಕುವೈತಿನ ರಾಯ್ ಕೈಗಾರಿಕಾ ಪ್ರದೇಶದಲ್ಲಿ ನಾನು ಇಂಜಿನಿಯರ್ ಆಗಿರುವ ಏಸಿ ವರ್ಕ್‌ಶಾಪಿದೆ. ಮೊನ್ನೆ ಕಂಪ್ರೆಸರ್ ಒಂದು ಗಾಳಿ ಬಿಟ್ಟಾಗ ನಾನು ಗೇಟಿನ ಹೊರಗೆ ನಿಂತಿದ್ದೆ. ಅಲ್ಲಿಗೆ ಹೇಗೆ ಬಂದೆನೋ ತಿಳಿಯದು. ಪಾಕಿಸ್ತಾನದ ಮೆಕ್ಯಾನಿಕ್ ಬಂದು ಬೆನ್ನು ತಟ್ಟಿ, "ಖಲಾಸ್ ಭಾಯಿ, ಬಂದ್ ಹೋ ಗಯಾ" ಎಂದ. ಇಂಜಿನಿಯರ್‌ಗೆ ಏಸಿ ಯಂತ್ರದ ಭಯವೆಂದರೆ ಭಟ್ಟರಿಗೆ ಗಂಟೆಯ ಭಯವಿದ್ದ ಹಾಗೆ.

ಭಯವನ್ನಾದರೂ ಸಹಿಸಬಹುದು. ಇಂಚರಾ ಆ ದಿನದಿಂದ ರಸ್ತೆ ದಾಟುವಾಗ ಎರಡೂ ಕೈಗಳನ್ನು ಜಾಕೆಟ್ಟಿನ ಜೇಬಿನಲ್ಲಿಟ್ಟುಕೊಳ್ಳುತ್ತಾಳೆ. ಅಮ್ಮನ ಜೊತೆಗಿದ್ದಾಗ ಇಡುವುದಿಲ್ಲ. ಇದನ್ನು ನಾನು ಯಾರಿಗೂ ಹೇಳಿಲ್ಲ, ಶೈಲಜಾ ಗಮನಿಸಿದ್ದಾಳೋ ಇಲ್ಲವೋ ಕೇಳುವ ಧೈರ್ಯವೂ ಇಲ್ಲ. ಅವಳು ಆ ದಿನದ ಕಥೆಯನ್ನು ಹೋದಲ್ಲೆಲ್ಲ ನಗುತ್ತ ಹೇಳುತ್ತಾಳೆ. ನಗುತ್ತ ಹೇಳದಿದ್ದರೆ ಅವಳು ಅದನ್ನು ಹೇಗೆ ಹೇಳುತ್ತಿದ್ದಳು ಎಂದು ಯೋಚಿಸಿದಾಗ ನಗುವೇ ವಾಸಿ ಎನ್ನಿಸುತ್ತದೆ.

ಕಳೆದ ಶುಕ್ರವಾರ ಜಾಬ್ರಿಯಾದಲ್ಲಿ ವಿನ್ಸೆಂಟ್ ಮನೆಯಲ್ಲಿ ಊಟ. ಮಂಗಳೂರಿನವರು, ಆಸ್ಪತ್ರೆಯಲ್ಲಿ ನರ್ಸ್, ನಮ್ಮ ಹಳೆಯ ನೆರೆಯವರು. ಅಲ್ಲೂ ಕಥೆ ಬಂತು.

"ಮಗಳ ಕೈ ಬಿಟ್ರು, ಕಾಯಿ ಹೋಳು ಬಿಡಲಿಲ್ಲ ನೋಡಿ ಇವರು!" ಎಂದಳು ಶೈಲಜಾ.

"ಎಂತ ಮಾರಾಯ್ರೆ," ವಿನ್ಸೆಂಟ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಚಟ್ನಿಗೆ ಬೇಕಿತ್ತಾದ್ರೆ ಹೇಳ್ಬೇಕಿತ್ತು, ನಾನು ಊರಿಂದ ತರಿಸಿ ಕೊಡ್ತಿದ್ದೆ."

ನಾನೂ ನಕ್ಕೆ. ಈ ನಗು ನನಗೆ ಈಗ ರೂಢಿಯಾಗಿದೆ. ಬಾಯಿ ಅಗಲವಾಗುತ್ತದೆ, ಕಿವಿ ಬಿಸಿಯಾಗುತ್ತದೆ.

"ಎಲ್ಲರಿಗಿಂತ ಮೊದಲು ಇವರೇ ಕೆಳಗೆ!" ಎಂದಳು ಶೈಲಜಾ.

"ನೋ ಅಮ್ಮಾ," ಎಂದಳು ಇಂಚರಾ, ತಟ್ಟೆಯಿಂದ ತಲೆ ಎತ್ತದೆ. "ರೆಡ್ ಕ್ಯಾಪ್ ಅಂಕಲ್ ಫಸ್ಟ್. ಅಪ್ಪ ಸೆಕೆಂಡ್."

ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಅವಳು ಮಾತ್ರ ನಗಲಿಲ್ಲ. ನನ್ನ ಪರವಾಗಿ ಸತ್ಯದಲ್ಲಿ ಸಿಗುವಷ್ಟನ್ನು ಹುಡುಕಿ ತೆಗೆದಿದ್ದಳು; ಸಿಕ್ಕಿದ್ದು ಎರಡನೇ ಸ್ಥಾನ. ನನಗೆ ಅಷ್ಟು ನಾಚಿಕೆ ಬೆಟ್ಟದ ಬುಡದಲ್ಲೂ ಆಗಿರಲಿಲ್ಲ.

ಊಟವಾದ ಮೇಲೆ ಶೈಲಜಾ ಪಾತ್ರೆ ತೊಳೆಯಲು ನಿಂತಳು. ಕಾರನ್ನು ರಸ್ತೆಯ ಆಚೆ ನಿಲ್ಲಿಸಿದ್ದೆ. ಅದನ್ನು ತರಲು ಹೊರಟಾಗ ಇಂಚರಾ ಜೊತೆಗೆ ಬಂದಳು. ಜಾಬ್ರಿಯಾದ ಆ ರಸ್ತೆಯಲ್ಲಿ ವಾಹನಗಳು ಯಾರಿಗೂ ನಿಲ್ಲುವುದಿಲ್ಲ. ಅವಳ ಕೈಗಳು ಜೇಬಿನಲ್ಲಿದ್ದವು. ಸುಮ್ಮನೆ ನನ್ನ ಕೈಯನ್ನು ಪಕ್ಕಕ್ಕೆ ಚಾಚಿ ನಿಂತೆ, ಬಾಡಿಗೆಗೆ ಇಟ್ಟವನ ಹಾಗೆ.

ಅವಳು ಅದನ್ನು ನೋಡಿದಳು. "ಮತ್ತೆ ಬೂಮ್ ಅಂದ್ರೆ ಬಿಡಲ್ವಾ?"

ಇಲ್ಲ ಎನ್ನುವುದು ಸುಲಭವಿತ್ತು. "ಗೊತ್ತಿಲ್ಲ ಪುಟ್ಟಾ," ಎಂದೆ. "ಬಿಡಬಾರದು ಅಂತಾನೇ ಇದೆ. ಆವತ್ತೂ ಹಾಗೇ ಇತ್ತು."

ಅವಳು ಒಂದು ಲಾರಿ ಹೋಗುವವರೆಗೂ ಯೋಚಿಸಿದಳು. ಆಮೇಲೆ ಜೇಬಿನಿಂದ ಎರಡೂ ಕೈ ತೆಗೆದು, ನನ್ನ ಅಂಗೈಗೆ ಕೊಡದೆ, ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. "ಓಕೆ. ನಾನೇ ಹಿಡ್ಕೋತೀನಿ. ನೀನ್ ಓಡಿದ್ರೆ ನಾನೂ ಬರ್ತೀನಿ."

ದೇವರು ಭಕ್ತನನ್ನು ಬೆಕ್ಕು ಮರಿಯನ್ನು ಕಚ್ಚಿಕೊಂಡ ಹಾಗೆ ತಾನೇ ಒಯ್ಯುತ್ತಾನೋ, ಅಥವಾ ಕೋತಿಮರಿ ತಾಯಿಯನ್ನು ಹಿಡಿದಂತೆ ಭಕ್ತನೇ ಅವನನ್ನು ಹಿಡಿದುಕೊಳ್ಳಬೇಕೋ ಎಂದು ನಮ್ಮ ಕಡೆ ದೊಡ್ಡ ದೊಡ್ಡ ಆಚಾರ್ಯರು ಶತಮಾನಗಳ ಕಾಲ ವಾದಿಸಿದ್ದಾರೆ. ಬಲ್ಲವರು ಇನ್ನೂ ವಾದಿಸಲಿ. ನನ್ನ ಮಗಳು ತನ್ನ ಪಂಥವನ್ನು ಆರಿಸಿಕೊಂಡಾಗಿದೆ. ಬೆಕ್ಕಿನ ಪರೀಕ್ಷೆಯಲ್ಲಿ ನಪಾಸಾದ ನಾನು ಅವಳ ಉಗುರು ಮಣಿಕಟ್ಟಿಗೆ ನಾಟುತ್ತಿದ್ದರೂ ಕೈ ಅಲುಗಿಸದೆ, ಮರ್ಯಾದೆಯ ಕೋತಿಯಾಗಿ ರಸ್ತೆ ದಾಟಿದೆ.