ಬೆಲ್ಲ ಹಾಕದ ಹುಗ್ಗಿ

ವೈನಿ, ನನಗೆ ಸಕ್ಕರೆ ಕಾಯಿಲೆ ಇಲ್ಲ. ಯಾವತ್ತೂ ಇರಲಿಲ್ಲ. ಹನ್ನೆರಡು ವರ್ಷ ಪ್ರತಿ ಹಬ್ಬಕ್ಕೂ ನನಗೆಂದೇ ಬೆಲ್ಲ ಹಾಕದೆ, ಬೇರೆ ಪಾತ್ರೆಯಲ್ಲಿ ಗೋಧಿ ಹುಗ್ಗಿ ಮಾಡಿದಿರಿ — ನಾನು ತಲೆ ತಗ್ಗಿಸಿ ಉಂಡೆ. ಮೊದಲು ಹೇಳಬೇಕಾದದ್ದು ಇದು. ಉಳಿದದ್ದು ಇದಕ್ಕಿಂತ ಕೆಟ್ಟದ್ದು.

ನನ್ನ ನಾಯಿ ಕರಿಯ, ರಕ್ತದ ಸಕ್ಕರೆ ಇಳಿದರೆ ಮೂಸಿ ಎಚ್ಚರಿಸುವವನು ಎಂದು ಎಲ್ಲರಿಗೂ ಹೇಳಿದ್ದೆನಲ್ಲ, ಅದು ಕಟ್ಟುಕಥೆ. ಡಾಕ್ಟರಿಂದ ಬರೆಸಿಕೊಂಡು ಅವನನ್ನು ತರಿಸಿಕೊಂಡದ್ದು ನನ್ನ ಖಿನ್ನತೆಗೆ.

ಆಗ ಇಲ್ಲಿ, ಅಮೆರಿಕದ ಹೋಬೋಕನ್ ಊರಿನ ಆಫೀಸುಗಳಲ್ಲಿ ಕಂಪ್ಯೂಟರ್ ಕೇಬಲ್ ಎಳೆಯುವ ಕೆಲಸ ನನ್ನದು. ಎರಡು ಸಾವಿರ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆಂಬ ಭಯಕ್ಕೆ ಎಲ್ಲರೂ ಎಲ್ಲವನ್ನೂ ಬದಲಿಸುತ್ತಿದ್ದ ಕಾಲ. ಎಂಟನೇ ಇಯತ್ತೆಗೆ ಶಾಲೆ ಬಿಟ್ಟವನು ಇಂಜಿನಿಯರುಗಳ ಸಾಲಿನಲ್ಲೇ ಮನೆ ಕೊಂಡಿದ್ದೆ — ಆ ಜಂಬವಿತ್ತು. ಅಂಥವನು ಬೆಳಿಗ್ಗೆ ವ್ಯಾನ್ ನಿಲ್ಲಿಸಿ, ಇಳಿಯಲಾಗದೆ ಕೂತುಬಿಡುತ್ತಿದ್ದೆ. ಒಂದು ತಾಸು, ಎರಡು ತಾಸು. ಕರಿಯ ಬಂದ ಮೇಲೆ ಮೊಣಕಾಲಿಗೆ ಪಂಜ ಒತ್ತಿ, ನಾನು ಇಳಿಯುವವರೆಗೂ ಬಿಡುತ್ತಿರಲಿಲ್ಲ. ಅವನಿಗೆ ಕಲಿಸಿದ್ದೇ ಅದು. ಅಮೆರಿಕನ್ ಮಾಲೀಕನಿಗೆ ನಿಜ ಹೇಳಿ ಡಾಕ್ಟರ ಪತ್ರ ಕೊಟ್ಟೆ. ಓದಿ, ಆಗಲಿ ಎಂದು ತಲೆಯಾಡಿಸಿದ, ಅಷ್ಟೇ. ನಮ್ಮವರ ಮುಂದೆ ಮಾತ್ರ — ಬಾಯಿಗೆ ಬರಲಿಲ್ಲ. ಸಕ್ಕರೆ ಕಾಯಿಲೆಗೆ ಯಾರೂ ನಗುವುದಿಲ್ಲ.

ಈಸ್ಟ್ ಬ್ರನ್ಸ್‌ವಿಕ್‌ನ ನಿಮ್ಮ ಮನೆಯಲ್ಲಿ ಅದೇ ಕಾಲದ ಒಂದು ಬಸವ ಜಯಂತಿಯ ಊಟ. ನಿಮ್ಮ ಯಜಮಾನರು — ನನ್ನ ಜೀವದ ಗೆಳೆಯ ಮಲ್ಲಣ್ಣ — ನನ್ನನ್ನು ಗ್ಯಾರೇಜಿಗೆ ಕರೆದ. ಸೇವೆಯ ನಾಯಿಯೆಂಬ ಗುರುತಿಗೆ ಕರಿಯ ತೊಟ್ಟಿದ್ದ ಕೆಂಪು ಜಾಕೆಟ್ಟು ಸವರುತ್ತ ಕೇಳಿದ: "ಈರ್ಯಾ, ಖರೇ ಹೇಳು. ಇಂಥಾ ನಾಯಿ ಮನಸಿಗೂ ಕೊಡ್ತಾರಂತಲ್ಲ?"

ನಾನು ನಕ್ಕೆ. "ಮನಸಿಗಂತ ನಾಯಿ ಕಟಗೊಂಡು ಆಫೀಸಿಗೆ ಹೊಕ್ಕಿ ಏನಲೇ? ಮಂದಿ ಹುಚ್ಚ ಅಂತಾರ. ನಂದು ಸಕ್ಕರಿಗೆ."

ಅವನೂ ನಕ್ಕ. ಕರಿಯ ಮಾತ್ರ ಮಲ್ಲಣ್ಣನ ಮೊಣಕಾಲಿನ ಮೇಲೆ ಪಂಜವಿಟ್ಟು ಒತ್ತತೊಡಗಿದ. ನಾನು ಹಗ್ಗ ಜಗ್ಗಿ ಅವನನ್ನು ಹಿಂದಕ್ಕೆಳೆದೆ.

ಆ ಬೇಸಿಗೆಯಲ್ಲೇ ಮಲ್ಲಣ್ಣ ಆಫೀಸು ಬಿಟ್ಟ. ಆಮೇಲೆ ಮನೆಯಿಂದ ಹೊರಬೀಳುವುದನ್ನೂ ಬಿಟ್ಟ. ಇವತ್ತಿಗೂ ಅದೇ ಕಿಟಕಿ, ಅದೇ ಕುರ್ಚಿ. ಕೆಲಸದ ಒತ್ತಡ ತಡೆಯಲಾಗಲಿಲ್ಲ ಎಂದು ನಾನೇ ನಾಲ್ಕು ಜನಕ್ಕೆ ಹೇಳಿದ್ದೇನೆ.

ಹೋದ ವಾರ ಫೋನಿನಲ್ಲಿ, ಕಪಾಟು ಸ್ವಚ್ಛ ಮಾಡಿದ ಮಾತಿನ ನಡುವೆ, ನೀವು ಅಂದಿರಿ: "ಈರಣ್ಣಾ, ಇವರ ಹಳೇ ಕೋಟಿನ್ಯಾಗ ಹರದಿದ್ದೊಂದು ಚೀಟಿ ಸಿಕ್ತು. ಇವರಿಗೆ ನಾಯಿ ಬೇಕಂತ ಡಾಕ್ಟರು ಆಫೀಸಿಗೆ ಬರದಿದ್ದು. ತಾರೀಖು ನೋಡಿದ್ರ, ಇವರು ಆಫೀಸು ಬಿಟ್ಟ ವರ್ಷದ ಬಸವ ಜಯಂತಿ ಹಿಂದಿನ ದಿನದ್ದು. ನಿಮಗೇನರೆ ಹೇಳಿದ್ರೇನು?"

ಇಲ್ಲ ಎಂದೆ. ಮತ್ತೊಂದು ಸುಳ್ಳು.

ನೀವು ಫೋನ್ ಇಟ್ಟ ಮೇಲೂ ನನ್ನ ಫೋನನ್ನು ಕಿವಿಗೆ ಹಿಡಿದೇ ನಿಂತಿದ್ದೆ. ಅವನು ಸುಮ್ಮನೆ ಕೇಳಿದ್ದಲ್ಲ, ವೈನಿ. ಕೇಳುವಾಗ ಆ ಪತ್ರ ಅವನ ಜೇಬಿನಲ್ಲಿತ್ತು. ನಾನು ಒಮ್ಮೆ ಹೌದು ಎಂದಿದ್ದರೆ — ನನ್ನ ಪತ್ರವನ್ನೂ ತೆಗೆದು ತೋರಿಸಿದ್ದರೆ —

ಕರಿಯ ಸತ್ತು ಮೂರು ವರ್ಷವಾಯಿತು. ಅವನ ಕೆಂಪು ಜಾಕೆಟ್ಟು ಇದೆ. ಭಾನುವಾರ ಅದನ್ನು ತಂದು, ಮಲ್ಲಣ್ಣನ ಎದುರು ಕೂತು, ಅದು ಯಾತಕ್ಕಿತ್ತೆಂದು ನನ್ನ ಬಾಯಿಂದಲೇ ಹೇಳುತ್ತೇನೆ. ಅವನು ಹೊರಗೆ ಹೋಗೆಂದರೆ ಹೋಗುತ್ತೇನೆ. ಬಾಗಿಲು ತೆರೆಯುವ ಮೊದಲೇ ನಿಮಗೆ ಗೊತ್ತಿರಲಿ ಎಂದು ಇದನ್ನು ಬರೆದೆ.

ಒಲೆಯ ಮೇಲೆ ನನಗೆಂದು ಬೇರೆ ಪಾತ್ರೆ ಇಡಬೇಡಿ.